ಮುತ್ಯಾನ ಪೆಟಗ್ಯಾಗ ಸಿಕ್ಕ 'ಬಂದೂಕ ಪಾನಾ': ಯಾವ ಕಂಪನಿದು, ಗೊತ್ತಿದ್ದವ್ರು ಹೇಳ್ರಿ

ಬೈಲಹೊಂಗಲದ ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ಹೋದ ವಾರ ನಮ್ಮ ಹಳೇ ಮನಿ ಮಾಳಿಗಿ ಇಳಿಸಿದ್ವಿ. ಜಂತಿ ಸಂದ್ಯಾಗ ಒಂದು ತಗಡಿನ ಪೆಟಗಿ ಸಿಕ್ತು. ಒಳಗ ಮುತ್ಯಾನ ಸೈಕಲ್ ಅಂಗಡಿ ಹತ್ಯಾರ: ಎರಡು ಕಾನಸ, ಒಂದು ಪಕ್ಕಡ, ಕಡ್ಡಿ ಬಿಗಿ ಮಾಡೋ ಚಾವಿ, ಬೊಗಸಿ ತುಂಬ ಕಾಟರ್ ಪಿನ್ನು, ಮತ್ತ ನಟ್ಟು ಬಿಚ್ಚೂ ಈ ಪಾನಾ. ಫೋಟೊ ಹಾಕೇನಿ.

ಇದು ಸ್ಕ್ರೂ ಪಾನಾನ ಖರೆ, ಆದ್ರ ನಾವು ದಿನಾ ನೋಡೂ ಹಂಗಿಲ್ಲ. ಈಗಿನ ಸ್ಕ್ರೂ ಪಾನಾದ ಬಾಯಿ ಸ್ವಲ್ಪ ವಾರಿ ಇರತೈತಿ, ತಿರುವೋ ಗಿರಕಿ ಬಾಯಿ ಬುಡಕ್ಕ ಇರತೈತಿ. ಇದರ ಬಾಯಿ ಹಿಡಿಕಿಗೆ ನೆಟ್ಟಗ ಅಡ್ಡ ಐತಿ, ಸುತ್ತಿಗಿ ತಲಿ ಹಂಗ. ಹಿಡಿಕಿ ನಡುವ ಒಂದು ಕಿಟಕಿ ಕೊರದಾರ, ಅದರಾಗ ಗೆರಿ ಗೆರಿ ಹೊಡದ ದುಂಡ ನಟ್ಟು ಕುಂತೈತಿ. ಅದನ್ನ ತಿರುವಿದ್ರ ಮ್ಯಾಲಿನ ದವಡಿ ಏರಬೇಕು, ಇಳೀಬೇಕು. ಜಂಗ ಹಿಡದೈತಿ, ಅಳ್ಳಾಡವಲ್ದು. ಉದ್ದ ಆರು ಇಂಚು.

ಒಂದು ಮಗ್ಗಲಕ್ಕ ಇಂಗ್ಲಿಷ್ ಅಕ್ಷರ ಅದಾವು, ಸವದು ಹೋಗ್ಯಾವು. ಕಡೀಕ 'ಡಿ ಓ ಎನ್' ಅಂತ ಕಾಣತೈತಿ. ಲಂಡನ್ ಇರಬೇಕು ಅಂತ ನನ್ನ ಅಂದಾಜು. ಇನ್ನೊಂದು ಮಗ್ಗಲಕ್ಕ ಮೊದಲೊಂದು 'ಕೆ', ಕಡೀಕೊಂದು 'ಕೆ', ನಡುವ ಒಂದು 'ಡಿ'. ಉಳಿದದ್ದು ದೇವರಿಗೇ ಗೊತ್ತು.

ಮನ್ಯಾಗ ಎಲ್ಲಾರೂ ಇದಕ್ಕ ಬಂದೂಕ ಪಾನಾ ಅಂತಿದ್ರು. ಬಂದೂಕ ಮಾಡೋ ಕಂಪನಿದು ಅಂತ ಮುತ್ಯಾ ಹೇಳತಿದ್ದನಂತ. ಅಂವ ಸಣ್ಣಾಂವ ಇದ್ದಾಗ ಬೆಳಗಾವಿ ಕ್ಯಾಂಪಿನ ಸೈಕಲ್ ಅಂಗಡ್ಯಾಗ ಕೆಲಸಕ್ಕಿದ್ದ, ಆಮ್ಯಾಲ ಊರಾಗ ಸ್ವಂತದ್ದು ಹಾಕಿದ. ಭಂಗಾರದಾಂವ, ಅಂದ್ರ ಹಳೇ ಕಬ್ಬಿಣ ಕೊಳ್ಳಾಂವ, ಇಡೀ ಪೆಟಗಿ ತೂಕಕ್ಕ ಕೇಳಾಕತ್ತಾನ. ಕೊಡೂದಕ್ಕಿಂತ ಮೊದಲ ಇಲ್ಲೊಮ್ಮೆ ಕೇಳೂಣು ಅಂತ ಬಂದೇನಿ.

ಉದ್ಯಮಬಾಗ ಫಿಟ್ಟರ್

ತಮ್ಮಾ, ಮೊದಲ ಆ ಭಂಗಾರದವನ ಫೋನ್ ಎತ್ತೂದು ಬಿಡು.

ಬಂದೂಕ ಕಂಪನಿ ಅಂದ್ರ ಬಿಎಸ್‌ಎ. ಅದರ ಪೂರ್ತಿ ಹೆಸರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಾಗ ಬರ್ಮಿಂಗ್‌ಹ್ಯಾಮಿನ ಬಂದೂಕ ಮಾಡೋರು ಕೂಡಿ ಕಟ್ಟಿದ್ದು. ನಮ್ಮ ಕಡೆ ಹುಡುಗರು ಬಿಎಸ್‌ಎ ಅಂದ್ರ ಸೈಕಲ್ ಅಷ್ಟ ಅಂತ ತಿಳದಾರ. ಸೈಕಲ್, ಮೋಟರ್‌ಸೈಕಲ್, ಪಾನಾ ಎಲ್ಲಾ ಮಾಡ್ಯಾರ ಅವ್ರು. ಮೂರು ಬಂದೂಕ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಗುರ್ತು ಹುಡುಕು. ಸಿಕ್ರ ಕೇಸ್ ಮುಗೀತು.

ಬೈಲಹೊಂಗಲದ ಹುಡುಗ

ಬಂದೂಕದ ಗುರ್ತು ಎಲ್ಲೂ ಇಲ್ರಿ ಅಣ್ಣಾ. ಎರಡೂ ಮಗ್ಗಲ ನೋಡೇನಿ.

ಫೋರ್ಟ್ ರೋಡ್ ಬುಲೆಟ್

ಎನ್‌ಫೀಲ್ಡ್ ಇರಬೇಕ್ರಿ. 'ಮೇಡ್ ಲೈಕ್ ಎ ಗನ್' ಅಂತ ಅವ್ರದ್ದ ಅಲ್ಲೇನು?

ಉದ್ಯಮಬಾಗ ಫಿಟ್ಟರ್

ಬುಲೆಟ್ ಮಾಲಕ್ರ, ಎಲ್ಲಾದಕ್ಕೂ ಬುಲೆಟ್ ತರಬ್ಯಾಡ್ರಿ. ಎನ್‌ಫೀಲ್ಡ್ ಊರಾಗ ಇಂಗ್ಲೆಂಡ್ ಸರಕಾರದ ಬಂದೂಕ ಕಾರ್ಖಾನಿ ಇತ್ತು. ರೆಡಿಚ್ ಊರಿನ ಸೈಕಲ್ ಕಂಪನಿ ಅದಕ್ಕ ಬಿಡಿಭಾಗ ಮಾಡಿ ಕೊಡತಿತ್ತು, ಆ ನಂಟಿನ ಮ್ಯಾಲ ಸೈಕಲ್ಲಿಗೆ ಆ ಹೆಸರ ಇಟ್ಕೊಂಡ್ರು. ಬಂದೂಕದ 'ಹಂಗ' ಮಾಡಿದ್ದು ಅಂತ ಅವ್ರ ಹೇಳಿದ್ರು. ಬಂದೂಕದವ್ರ ಮಾಡಿದ್ದು ಬ್ಯಾರೆ, ಬಂದೂಕದ ಹಂಗ ಮಾಡಿದ್ದು ಬ್ಯಾರೆ.

ಫೋರ್ಟ್ ರೋಡ್ ಬುಲೆಟ್

ಆತು ಬಿಡ್ರಿ, ಗಾಡಿ ಸೈಡಿಗೆ ಹಚ್ಚಿದೆ.

ಹುನಗುಂದ ಸ್ಪೇರ್ಸ್ ಅಕ್ಕ

ಪಾನಾದ ಮ್ಯಾಲ ಎಲ್ಲರ ಬಾಣದ ಗುರ್ತು ಐತೇನು ನೋಡಪಾ. ಕೋಳಿ ಕಾಲಿನ ಹಂಗ ಮೂರು ಗೆರಿ ಇರತೈತಿ. ಅದು ಬ್ರಿಟಿಷ್ ದಂಡಿನ ಮಾಲು ಅನ್ನೂದಕ್ಕ ಗುರ್ತು. ಹಿಂದೂಸ್ತಾನದ ದಂಡಿನ ಮಾಲಾಗಿದ್ರ ಬಾಣದ ಜೋಡಿ 'ಐ' ಅಕ್ಷರನೂ ಇರತೈತಿ. ನಮ್ಮ ಅಪ್ಪಾರ ಕಡೆ ಹಂಥಾ ಎರಡು ಪಾನಾ ಅದಾವು, ಯುದ್ಧ ಮುಗದ ಮ್ಯಾಲ ಡಿಸ್ಪೋಸಲ್ ಮಾಲಿನಾಗ ಬಂದಿದ್ದು. ಬೆಳಗಾವಿ ಕ್ಯಾಂಪ್ ಅಂದಿ ಅಂತ ಕೇಳಾಕತ್ತೇನಿ. ಮರಾಠಾ ರೆಜಿಮೆಂಟಿನ ಸೆಂಟರ್ 1922ರಿಂದ ಅಲ್ಲೇ ಐತಲ್ಲ.

ಬೈಲಹೊಂಗಲದ ಹುಡುಗ

ಬಾಣ ಇಲ್ರಿ ಅಕ್ಕಾ. ಕಾಕಾನೂ ಹಿಂಗ ಹೇಳತಿದ್ದ, ದಂಡಿನವ್ರು ಮುತ್ಯಾಗ ಕೊಟ್ಟದ್ದು ಅಂತ.

ಹುನಗುಂದ ಸ್ಪೇರ್ಸ್ ಅಕ್ಕ

ಬಾಣ ಇಲ್ಲಂದ ಮಾತ್ರಕ್ಕ ದಂಡಿಂದಲ್ಲ ಅಂತ ಪಕ್ಕಾ ಹೇಳಾಕ ಬರೂದಿಲ್ಲ. ಸಿಪಾಯಿ ಸ್ವಂತ ರೊಕ್ಕದಾಗ ತಂದ ಸೈಕಲ್ ಜೋಡಿನೂ ಬಂದಿರಬೌದು. ಆದ್ರ ಸರಕಾರಿ ಮಾಲು ಅನ್ನಾಕ ಆಧಾರ ಇಲ್ಲ.

ಖಾನಾಪುರ ಕಾಡು

ನನಗನಸೂ ಮಟ್ಟಿಗೆ ಇದು ಬಂದೂಕ ಬಿಚ್ಚೂ ಪಾನಾ. ಹಳೇ ಮದ್ದು ತುಂಬೂ ಬಂದೂಕದಾಗ ಸಿಡಿಯೋ ಟೋಪಿ ಕೂಡೂ ನಿಪ್ಪಲ್ ತಗ್ಯಾಕ ಒಂದು ಚಾವಿ ಇರತಿತ್ತು. ಅದಕ್ಕ ಬಂದೂಕ ಪಾನಾ ಅಂದಿರಬೇಕು. ಇದನ್ನ ಇಟ್ಕೊಳ್ಳಾಕ ಲೈಸೆನ್ಸ್ ಬೇಕೇನು, ಅದನ್ನೂ ವಿಚಾರ ಮಾಡ್ರಿ!

ಉದ್ಯಮಬಾಗ ಫಿಟ್ಟರ್

ಪಾನಾಕ್ಕ ಲೈಸೆನ್ಸ್ ಕೇಳಿದ್ರ ಉದ್ಯಮಬಾಗ ಪೂರಾ ಜೇಲಿಗೆ ಹೋಗಬೇಕಾಕೈತಿ ಮಾಮಾ. ನಿಪ್ಪಲ್ ಚಾವಿ ನೋಡೇನಿ. ಅದಕ್ಕ ತೆರಿಯೋ ಬಾಯಿ ಇರೂದಿಲ್ಲ, ತುದ್ಯಾಗ ನಿಪ್ಪಲ್ ಕೂಡೂ ಅಳತಿ ತೂತು ಇರತೈತಿ ಅಷ್ಟ. ಇದು ನಟ್ಟು ಬಿಚ್ಚೂ ಪಾನಾ.

ಗೋಳಗುಮ್ಮಟ ಮಾಸ್ತರ್

ಎಲ್ಲಾರೂ ಕಂಪನಿ ಹೆಸರು ಹೇಳ್ಲಿಕತ್ತೀರಿ, ಪಾನಾದ ಮ್ಯಾಲ ಇದ್ದ ಅಕ್ಷರ ಯಾರೂ ಓದವಲ್ರಿ. ವಿಜಯಪುರದಾಗ ಶಾಸನ ನೋಡಿ ನೋಡಿ ನನಗ ಒಂದು ಚಟ ಅದ. ಸವದ ಅಕ್ಷರ ಕಣ್ಣಿಲೆ ಓದಬಾರದು, ನೆರಳಿಲೆ ಓದಬೇಕು.

ಹಿಂಗ ಮಾಡಪಾ. ಪಾನಾನ ಚಿಮಣಿ ಎಣ್ಣಿ ಹಚ್ಚಿ ಅರಬಿಲೆ ಒರಸು. ಉಸುಕಿನ ಕಾಗದ ಮುಟ್ಟಸಬ್ಯಾಡ. ಪೂರಾ ಒಣಗಿದ ಮ್ಯಾಲ ದೇವರ ಜಗಲಿ ವಿಭೂತಿ ಒಂದು ಚಿಟಿಕಿ ತೊಗೊಂಡು ಅಕ್ಷರದ ಮ್ಯಾಲ ತಿಕ್ಕು, ಅಂಗೈಲೆ ಮ್ಯಾಲ ಮ್ಯಾಲ ಒರಸು. ಬಿಳೇದು ತಗ್ಗಿನಾಗ ಉಳೀತದ. ಆಮ್ಯಾಲ ಕ್ವಾಣಿ ಕತ್ತಲಿ ಮಾಡಿ, ಮೊಬೈಲ್ ಬ್ಯಾಟರಿ ಪಾನಾದ ಮಗ್ಗಲಕ್ಕ ಇಟ್ಟು ಬೆಳಕು ಅಡ್ಡ ಬಿಡು. ಮ್ಯಾಲಿಂದ ಬಿಟ್ರ ಏನೂ ಕಾಣಂಗಿಲ್ಲ.

ಇನ್ನೊಂದು. ಅಕ್ಷರಕ್ಕ ಅಕ್ಷರಕ್ಕ ನಡುವ ಎಷ್ಟು ಜಾಗ ಅದ ಅಂತ ಅಳತಿ ಮಾಡು. ಕಂಡ ಅಕ್ಷರಕ್ಕಿಂತ ಕಾಣಲಾರದ ಅಕ್ಷರದ ಜಾಗ ಹೆಚ್ಚು ಹೇಳ್ತದ.

ಬೈಲಹೊಂಗಲದ ಹುಡುಗ

ಮಾಡಿ ನೋಡತೇನ್ರಿ ಸರ. ಅವ್ವಗ ಹೇಳಲಾರದ ವಿಭೂತಿ ಗಟ್ಟಿ ಮುರಕೊಂಡೇನಿ.

ಟಿಳಕವಾಡಿ ಹಳೇ ಹತ್ಯಾರ

ತಡವಾಗಿ ಬಂದೆ, ಕ್ಷಮಿಸಿ. ಹಳೇ ಕೈ ಹತ್ಯಾರಗಳನ್ನು ಕೂಡಿಹಾಕುವ ಹುಚ್ಚು ನನಗಿದೆ, ಮನೆಯವರಿಗೆ ಇಲ್ಲ. ವಿಭೂತಿ ಫಲಿತಾಂಶ ಬರುವವರೆಗೆ ಬೇರೆ ಶಂಕಿತರನ್ನೂ ನೋಡೋಣ, ಯಾಕೆಂದರೆ ಬಂದೂಕಿನ ಮನೆಯಿಂದ ಬಂದ ಪಾನಾಗಳು ಒಂದೆರಡಲ್ಲ.

ಅಮೆರಿಕದ ಹಾರ್ಟ್‌ಫರ್ಡಿನ ಬಿಲ್ಲಿಂಗ್ಸ್ ಆ್ಯಂಡ್ ಸ್ಪೆನ್ಸರ್ ಒಂದು. ಬಿಲ್ಲಿಂಗ್ಸ್ ಕೋಲ್ಟ್ ಬಂದೂಕು ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಸ್ಪೆನ್ಸರ್ ಅಂದರೆ ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಸ್ಪೆನ್ಸರ್ ರೈಫಲ್ ರೂಪಿಸಿದವರು. ಅವರ ಕಂಪನಿ ಮಾಡಿದ ಸೈಕಲ್ ಪಾನಾ ನೋಡಲು ಇದರ ದಾಯಾದಿಯ ಹಾಗೇ ಇರುತ್ತದೆ. ಆದರೆ ಅದರ ಮೇಲೆ 'ಡಾನ್' ಎಂದು ಕೊನೆಯಾಗುವ ಹೆಸರಿಲ್ಲ.

ವಿಂಚೆಸ್ಟರ್ ಇನ್ನೊಂದು. ಮೊದಲ ಮಹಾಯುದ್ಧ ಮುಗಿದಾಗ ಅಷ್ಟು ದೊಡ್ಡ ಕಾರ್ಖಾನೆಗೆ ಕೆಲಸವಿಲ್ಲದೆ ಸುತ್ತಿಗೆ, ಪಾನಾ, ಚಾಕು, ಸ್ಕೇಟು ಎಲ್ಲಕ್ಕೂ ತನ್ನ ಹೆಸರು ಹೊಡೆದು ಮಾರಿತು. ಆ ಪಾನಾದ ಮೇಲೆ ವಿಂಚೆಸ್ಟರ್ ಎಂದೇ ಇರುತ್ತದೆ. ಅದೂ ಅಲ್ಲ.

ಮೂರನೆಯದು ಬರೀ ಬಲೆ. ಪಾನಾದ ಮೇಲೆ ಮಾಸ್‌ಬರ್ಗ್ ಎಂದು ಕಂಡರೆ ಜನ ಬಂದೂಕಿನ ಕಂಪನಿ ಎಂದು ಕುಣಿಯುತ್ತಾರೆ. ಪಾನಾ ಮಾಡಿದ್ದು ಆ್ಯಟಲ್‌ಬರೋದ ಫ್ರ್ಯಾಂಕ್ ಮಾಸ್‌ಬರ್ಗ್ ಕಂಪನಿ. ಬಂದೂಕು ಮಾಡಿದ್ದು 1919ರಲ್ಲಿ ಶುರುವಾದ ಓ. ಎಫ್. ಮಾಸ್‌ಬರ್ಗ್. ಕಂಪನಿಯೇ ಬೇರೆ. ನಾನೂ ಒಮ್ಮೆ ಕುಣಿದಿದ್ದೆ, ದುಡ್ಡು ಕೊಟ್ಟು.

ಗೋಳಗುಮ್ಮಟ ಮಾಸ್ತರ್

ಹಂಗಾರ ನಿಮ್ಮ ಅಂದಾಜು ಏನು ಸರ?

ಟಿಳಕವಾಡಿ ಹಳೇ ಹತ್ಯಾರ

ಒಂದು ಅಂದಾಜು ಇದೆ. ಆದರೆ ಈಗಲೇ ಹೇಳಿದರೆ ಹುಡುಗ ನಾನು ಹೇಳಿದ್ದನ್ನೇ ಪಾನಾದ ಮೇಲೆ ಓದುತ್ತಾನೆ. ಅವನು ನೋಡಿ ಹೇಳಲಿ.

ಬೈಲಹೊಂಗಲದ ಹುಡುಗ

ವಿಭೂತಿ ಕೆಲಸ ಮಾಡಿತ್ರಿ! ಹೊಸ ಫೋಟೊ ಹಾಕೇನಿ, ನೋಡ್ರಿ.

'ಡಿ ಓ ಎನ್' ಭಾಳ ಚೊಲೊ ಬಂದೈತಿ. ಅದರ ಹಿಂದ ಒಂದು ಅಕ್ಷರದಷ್ಟು ಜಾಗ ಖಾಲಿ, ಆದ್ರ ಕೆಳಗ ಕುಡಗೋಲಿನ ಹಂಗ ಒಂದು ಸಣ್ಣ ಸೊಟ್ಟ ಗೆರಿ ಬಿಳೇದು ಉಳದೈತಿ. ಅದರ ಹಿಂದ 'ಎನ್'. ಅದರ ಹಿಂದ ಒಂದ ನೆಟ್ಟನ ಗೆರಿ. ಅದಕ್ಕಿಂತ ಹಿಂದ ಎರಡು ಅಕ್ಷರದಷ್ಟು ಜಾಗ ಐತಿ, ಅಲ್ಲಿ ಪೂರಾ ನುಣ್ಣಗ ಆಗೇತಿ. ಮುತ್ಯಾನ ಹೆಬ್ಬೆರಳು ಕೂಡೂ ಜಾಗ ಅದು.

ಗೋಳಗುಮ್ಮಟ ಮಾಸ್ತರ್

ಲಂಡನ್ ಹೋತು! ಲಂಡನ್‌ದಾಗ ಮೊದಲಿನ 'ಎನ್' ಹಿಂದ ದುಂಡನ 'ಓ' ಇರಬೇಕು, ಇಲ್ಲಿ ನೆಟ್ಟನ ಗೆರಿ ಅದ. ಮತ್ತ ಲಂಡನ್‌ದಾಗ ಆ 'ಎನ್' ಆದ ಕೂಡಲೇ 'ಡಿ' ಬರ್ತದ. ಇಲ್ಲಿ ನಡುವ ಒಂದು ಅಕ್ಷರ ಕುಂತದ. ಒಟ್ಟ ಆರಲ್ಲ, ಎಂಟು ಅಕ್ಷರ. ನೆಟ್ಟನ ಗೆರಿ 'ಐ', ಆಮ್ಯಾಲ 'ಎನ್', ಕುಡಗೋಲು 'ಜಿ', ಆಮ್ಯಾಲ 'ಡಿ ಓ ಎನ್'. ಏನೋ 'ಇಂಗ್‌ಡನ್'.

ಫೋರ್ಟ್ ರೋಡ್ ಬುಲೆಟ್

ಆಬಿಂಗ್ಡನ್! ಆಕ್ಸ್‌ಫರ್ಡ್ ಹತ್ರದ ಊರು. ಎಂಜಿ ಕಾರು ಅಲ್ಲೇ ಆಗತಿದ್ದು. ಹಂಗಾರ ಇದು ಎಂಜಿ ಕಾರಿನ ಪಾನಾ. ಈ ಸಲ ಮಾತ್ರ ನಾ ಬರೋಬ್ಬರಿ.

ಟಿಳಕವಾಡಿ ಹಳೇ ಹತ್ಯಾರ

ಬುಲೆಟ್ ಅವರೇ, ಓದಿದ್ದು ಸರಿ, ಗಾಡಿ ಮಾತ್ರ ಮತ್ತೆ ದಾರಿ ತಪ್ಪಿತು. ಎಂಜಿ ಕಾರು ಆಬಿಂಗ್ಡನ್ ಊರಿಗೆ ಹೋದದ್ದು 1929ರಲ್ಲಿ. ಈ ಪಾನಾದ ಆಬಿಂಗ್ಡನ್ ಊರಲ್ಲ, ಕಾರ್ಖಾನೆಯ ಹೆಸರು. ಆಬಿಂಗ್ಡನ್ ವರ್ಕ್ಸ್ ಇದ್ದದ್ದು ಬರ್ಮಿಂಗ್‌ಹ್ಯಾಮಿನಲ್ಲಿ.

ಈಗ ಇನ್ನೊಂದು ಮಗ್ಗಲು ನೋಡಿ. ಮೊದಲು 'ಕೆ', ನಡುವೆ 'ಡಿ', ಕೊನೆಗೆ 'ಕೆ'. ಅದು 'ಕಿಂಗ್ ಡಿಕ್'. ಹುಡುಗ ಬಾಯಿ ಹಿಡಿಕೆಗೆ ಅಡ್ಡ ಇದೆ, ನಡುವಿನ ಕಿಟಕಿಯಲ್ಲಿ ನಟ್ಟು ಇದೆ ಎಂದಾಗಲೇ ನನಗೆ ಈ ಅನುಮಾನ ಇತ್ತು.

ಈಗ ಮುತ್ಯಾನ ಮಾತಿಗೆ ಬರೋಣ. ಆಬಿಂಗ್ಡನ್ ವರ್ಕ್ಸ್ 1856ರಲ್ಲಿ ಶುರುವಾದದ್ದು, ಕಟ್ಟಿದವರು ಬರ್ಮಿಂಗ್‌ಹ್ಯಾಮಿನ ಒಂದಷ್ಟು ಬಂದೂಕು ಮಾಡುವವರು. ಫಿಟ್ಟರ್ ಅಣ್ಣ ಹೇಳಿದ ಬಿಎಸ್‌ಎ ಹುಟ್ಟಿದ್ದು 1861ರಲ್ಲಿ, ಅದಕ್ಕೂ ಐದು ವರ್ಷ ಆಮೇಲೆ. ಅಂದರೆ ನಿಮ್ಮ ಮನೆಯಲ್ಲಿ ಬಂದೂಕ ಪಾನಾ ಅಂದದ್ದು ಬರೀ ಅಡ್ಡಹೆಸರಲ್ಲ, ನಿಜವಾದ ಕುಲನಾಮ.

ಬಂದೂಕಿನವರು ಪಾನಾಕ್ಕೆ ಯಾಕೆ ಬಂದರು ಅಂದರೆ, ಬಂದೂಕಿನ ಆರ್ಡರ್ ನಮ್ಮ ಕಡೆಯ ಮಳೆ ಇದ್ದ ಹಾಗೆ. ಯುದ್ಧ ಬಂದಾಗ ಹೊತ್ತು ಗೊತ್ತಿಲ್ಲದೆ ಕೆಲಸ, ಶಾಂತಿ ಬಂತೋ ಕುಲುಮೆ ತಣ್ಣಗೆ. 1853ರಿಂದ 1856ರವರೆಗಿನ ಕ್ರಿಮಿಯಾ ಯುದ್ಧದಲ್ಲಿ ಬರ್ಮಿಂಗ್‌ಹ್ಯಾಮಿನವರು ಕೈತುಂಬ ದುಡಿದರು, ಆಮೇಲೆ ಸರ್ಕಾರ ತನ್ನದೇ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಯಂತ್ರದಿಂದ ಬಂದೂಕು ತೆಗೆಯತೊಡಗಿತು. ಉಳಿದವರು ಬೇರೆ ಕೆಲಸ ಹುಡುಕಬೇಕಾಯಿತು. ಉಕ್ಕು ಕಾಯಿಸಿ ಅಚ್ಚಿಗೆ ಹೊಡೆಯುವುದು, ಸಣ್ಣ ಸ್ಕ್ರೂ ಕೊರೆಯುವುದು, ಒಂದು ಭಾಗ ಇನ್ನೊಂದರಲ್ಲಿ ಸಡಿಲವಿಲ್ಲದೆ ಜಾರುವಂತೆ ಕೂಡಿಸುವುದು, ಇದೇ ಅಲ್ಲವೇ ಬಂದೂಕಿನ ಕೆಲಸ? ಸೈಕಲ್ಲಿಗೂ ಅದೇ ಬೇಕು, ಪಾನಾಕ್ಕೂ ಅದೇ ಬೇಕು. ಆಬಿಂಗ್ಡನ್‌ನವರು 1903ರಿಂದ ಮೋಟರ್‌ಸೈಕಲ್ಲನ್ನೂ ಮಾಡಿದರು. ಮೋಟರ್‌ಸೈಕಲ್ ಹೋಯಿತು, ಪಾನಾ ಉಳಿಯಿತು. ಕಿಂಗ್ ಡಿಕ್ ಹೆಸರಿನ ಹತ್ಯಾರ ಇಂಗ್ಲೆಂಡಿನಲ್ಲಿ ಈಗಲೂ ಮಾರಾಟಕ್ಕಿವೆ.

ಹುನಗುಂದ ಸ್ಪೇರ್ಸ್ ಅಕ್ಕ

ನಮ್ಮ ಕಡೆ ಬಂದೂಕಕ್ಕೂ ಹತ್ಯಾರ ಅಂತಾರ, ಪಾನಾಕ್ಕೂ ಹತ್ಯಾರ ಅಂತಾರ. ಮುತ್ಯಾಗ ಇದರಾಗ ಏನೂ ವಿಚಿತ್ರ ಕಂಡಿರಲಿಕ್ಕಿಲ್ಲ ನೋಡ್ರಿ. ಹತ್ಯಾರ ಮಾಡೋ ಕಂಪನಿ ಹತ್ಯಾರ ಮಾಡೇತಿ.

ಖಾನಾಪುರ ಕಾಡು

ಕಿಂಗ್ ಡಿಕ್ ಅಂದ್ರ ಯಾವ ರಾಜಾರಿ?

ಟಿಳಕವಾಡಿ ಹಳೇ ಹತ್ಯಾರ

ರಾಜ ಅಲ್ಲ, ನಾಯಿ. ಆ ಕಾಲದಲ್ಲಿ ಹೆಸರು ಮಾಡಿದ್ದ ಒಂದು ಬುಲ್‌ಡಾಗ್. ಕಂಪನಿಯ ಗುರುತೂ ಬುಲ್‌ಡಾಗೇ. ಕಚ್ಚಿ ಹಿಡಿದರೆ ಬಿಡುವ ಜಾತಿ ಅಲ್ಲ ಅಂತ ಇಟ್ಟಿರಬೇಕು.

ಹುನಗುಂದ ಸ್ಪೇರ್ಸ್ ಅಕ್ಕ

ನಮ್ಮ ಮುಧೋಳ ನಾಯಿ ಹೆಸರ ಇಟ್ಟಿದ್ರ ಪಾನಾ ಪೆಟಗ್ಯಾಗ ಕೂಡತಿದ್ದಿಲ್ಲ, ಮೊಲದ ಹಿಂದ ಓಡತಿತ್ತು.

ಉದ್ಯಮಬಾಗ ಫಿಟ್ಟರ್

ಬಿಎಸ್‌ಎ ಅಂದದ್ದು ವಾಪಸ್ ತೊಗೊಂಡೇನಿ. ಆದ್ರ ಬರ್ಮಿಂಗ್‌ಹ್ಯಾಮ್ ಅಂದಿದ್ದೆ, ಅರ್ಧ ಮಾರ್ಕ್ಸ್ ಕೊಡ್ರಿ.

ಈಗ ಕೆಲಸದ ಮಾತು. ತಮ್ಮಾ, ಗ್ರೈಂಡರ್‌ಗೆ ತಂತಿ ಬ್ರಶ್ ಹಚ್ಚಿ ತಿಕ್ಕಬ್ಯಾಡ. ಉಳದ ನಾಕು ಅಕ್ಷರನೂ ಹೋಗತಾವು, ಆಮ್ಯಾಲ ಮಾಸ್ತರ್ರ ಬೆಳಕೂ ಉಪಯೋಗಕ್ಕ ಬರೂದಿಲ್ಲ. ಡಬ್ಬಿ ತುಂಬ ಚಿಮಣಿ ಎಣ್ಣಿ ಹಾಕಿ ಪಾನಾ ಮುಳುಗಿಸಿ ಎರಡು ದಿನ ಬಿಡು. ನಡುನಡುವ ತಗದು ಕಟಗಿಲೆ ಮೆಲ್ಲಕ ಬಡಿ, ಎಣ್ಣಿ ಒಳಗ ಇಳೀತೈತಿ. ಗೆರಿ ನಟ್ಟಿಗೆ ಪಕ್ಕಡ ಹಚ್ಚಬ್ಯಾಡ, ಹಲ್ಲು ಮೂಡತಾವು. ಹಳೇ ಬೆಲ್ಟಿನ ತೊಗಲ ತುಂಡು ಸುತ್ತಿ ಕೈಲೆ ಹಿಡಿ. ಯಾವ ಕಡೆ ತಿರಗತೈತಿ ಗೊತ್ತಿಲ್ಲದ ಜೋರು ಮಾಡಬ್ಯಾಡ. ಆ ಕಡೆ ಎಳ್ಳಷ್ಟು, ಈ ಕಡೆ ಎಳ್ಳಷ್ಟು, ಹಿಂಗ ಆಡಸ್ಕೋತ ಇರು. ತಾಳ್ಮಿ ಇದ್ರ ಬಿಡತೈತಿ.

ಬಾದಾಮಿ ಸಿವಿಲ್

ದಿನಾ ಉಪಯೋಗಿಸಾಕ ಬರತೈತೇನ್ರಿ? ಹೊಸಾ ಸ್ಕ್ರೂ ಪಾನಾ ನಮ್ಮ ಸೈಟಿನ್ಯಾಗ ಆರು ತಿಂಗಳಿಗೆ ಸಡ್ಲ ಆಗತಾವು.

ಟಿಳಕವಾಡಿ ಹಳೇ ಹತ್ಯಾರ

ಸೈಟಿಗೆ ಬೇಡ. ಇದು ಸೈಕಲ್ ಸೀಟಿನ ಹಿಂದೆ ನೇತಾಡುವ ತೊಗಲ ಚೀಲದಲ್ಲಿ ಕೂರಲು ಮಾಡಿದ್ದು. ಆಗ ಸೈಕಲ್ ಸವಾರನಿಗೆ ಒಂದು ತಾಪತ್ರಯ ಇತ್ತು. ಯಂತ್ರಗಳ ಬೋಲ್ಟು ವಿಟ್‌ವರ್ತ್ ಅಳತೆಯವು. ಅದು 1841ರಲ್ಲಿ ಬಂದ ಲೆಕ್ಕ, ಥ್ರೆಡ್ಡಿನ, ಅಂದರೆ ಬೋಲ್ಟಿನ ಸುರುಳಿ ಗೆರೆಯ, ಕೋನ 55 ಡಿಗ್ರಿ. ಸೈಕಲ್ಲಿನವರು 1902ರಲ್ಲಿ ತಮ್ಮದೇ ಬೇರೆ ಲೆಕ್ಕ ಮಾಡಿಕೊಂಡರು, ಕೋನ 60 ಡಿಗ್ರಿ, ಇಂಚಿಗೆ ಹೆಚ್ಚಾಗಿ 26 ಥ್ರೆಡ್. ಅದಕ್ಕಿಂತ ಹಿಂದಿನ ಸೈಕಲ್ಲುಗಳಲ್ಲಿ ಕಂಪನಿಗೊಂದು ಅಳತೆ. ಎಲ್ಲಕ್ಕೂ ಬೇರೆ ಬೇರೆ ಪಾನಾ ಹೊರುವುದಕ್ಕಿಂತ ಬಾಯಿ ಬದಲಿಸುವ ಒಂದು ಪಾನಾ ಸಾಕು ಅಂತ ಇದು ಬಂತು. ಸೈಕಲ್, ಹೊಲಿಗೆ ಯಂತ್ರ, ಇಷ್ಟರ ಮೇಲೆ ಬಳಸಿ. ಪೈಪ್ ತೂರಿಸಿ ಉದ್ದ ಮಾಡಿ ಜಗ್ಗಬೇಡಿ.

ಉದ್ಯಮಬಾಗ ಫಿಟ್ಟರ್

ಜಗ್ಗೂವಾಗ ಜೋರು ಗಟ್ಟಿ ದವಡಿ ಮ್ಯಾಲ ಬೀಳಬೇಕು, ಜಾರೂ ದವಡಿ ಮ್ಯಾಲಲ್ಲ. ಇದನ್ನ ನಮ್ಮ ಹುಡುಗರಿಗೆ ದಿನಕ್ಕ ಹತ್ತು ಸಲ ಹೇಳತೇನಿ.

ಗೋಳಗುಮ್ಮಟ ಮಾಸ್ತರ್

ಬೆಳಗಾವಿ ಮತ್ತ ಸೈಕಲ್ ಅಂದ್ರ ಒಂದು ನೆನಪಾತು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ನಿಮ್ಮ ಜಿಲ್ಲೆಯ ಗುರ್ಲಹೊಸೂರದವರು. 1888ರಾಗ ಬೆಳಗಾವಿಯೊಳಗ ಅವರು ಶುರು ಮಾಡಿದ್ದು ಸೈಕಲ್ ಅಂಗಡೀನ. ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ತೊಗೊಂಡಿದ್ದೂ ಅದ ವರ್ಷ. ಆಮ್ಯಾಲ ಕಬ್ಬಿಣದ ನೇಗಿಲು ಬಂತು, 1910ರಾಗ ಅವರು ಕುಂಡಲ್ ಕಡೆ ಹೋದ್ರು, ಅದ ಕಿರ್ಲೋಸ್ಕರವಾಡಿ ಆತು. ಬೆಳಗಾವಿಯೊಳಗ ಕಿರ್ಲೋಸ್ಕರ್ ರೋಡ್ ಅಂತ ಹೆಸರು ಉಳದದ. ಇಂಗ್ಲೆಂಡಿನ ಸೈಕಲ್ ಬಿಚ್ಚಿ ಕೂಡಸೂ ಕೈ ಆ ಊರಾಗ ಭಾಳ ಹಿಂದಿಂದ ಅದಾವು ಅಂತ ಹೇಳೂದಷ್ಟ. ನಿಮ್ಮ ಮುತ್ಯಾ ಅಲ್ಲಿದ್ದ ಅಂತ ಹೇಳ್ಲಿಕತ್ತಿಲ್ಲ.

ಬೈಲಹೊಂಗಲದ ಹುಡುಗ

ಇಲ್ರಿ ಸರ, ಮುತ್ಯಾ ಹುಟ್ಟೂದರಾಗ ಅವ್ರು ಬೆಳಗಾವಿ ಬಿಟ್ಟು ಹೋಗಿದ್ರು. ಇಲ್ಲಂದ್ರ ನಮ್ಮ ಕಾಕಾ ಅದನ್ನೂ ಹೇಳಿಕೋತ ಅಡ್ಡಾಡತಿದ್ದ.

ಖಾನಾಪುರ ಕಾಡು

ಮಾರಿದ್ರ ಎಷ್ಟು ಬರಬೌದ್ರಿ?

ಟಿಳಕವಾಡಿ ಹಳೇ ಹತ್ಯಾರ

ದೊಡ್ಡ ರೊಕ್ಕ ಬರುವ ಮಾಲಲ್ಲ ಇದು. ಕಿಂಗ್ ಡಿಕ್ ಪಾನಾ ಇಂಗ್ಲೆಂಡಿನಲ್ಲಿ ಬಹಳ ವರ್ಷ ಮಾಡಿದ್ದಾರೆ, ಅಲ್ಲಿ ಅಪರೂಪವೇನಲ್ಲ. ಬೈಲಹೊಂಗಲದ ಜಂತಿ ಸಂದಿಯಲ್ಲಿ ಸಿಕ್ಕಿದ್ದೇ ಅಪರೂಪ. ತೂಕಕ್ಕೆ ಮಾತ್ರ ಕೊಡಬೇಡಿ. ಆ ಹಿಡಿಕೆಯ ನುಣ್ಣನೆ ಜಾಗವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾನೆ ಅವನು?

ಬೈಲಹೊಂಗಲದ ಹುಡುಗ

ಮೂರನೇ ದಿನದ ಸುದ್ದಿ. ಎಣ್ಣ್ಯಾಗ ಇಟ್ಟಿದ್ದೆ. ಇವತ್ತ ಮುಂಜಾನೆ ಬೆಲ್ಟಿನ ತುಂಡು ಸುತ್ತಿ ಆಡಸ್ಕೋತ ಕುಂತಿದ್ದೆ, 'ಕಟಕ್' ಅಂತು. ಮುರೀತು ಅಂತ ಎದಿ ಧಸಕ್ ಅಂತು. ಮುರದಿಲ್ಲ, ಬಿಟ್ಟಿತ್ತು! ಕಿಟಕಿ ಒಳಗಿಂದ ಕರೇ ಕೆಸರಿನಂಥ ಹಳೇ ಗ್ರೀಸ್ ಹೊರಗ ಬಂತು. ಒರಸಿದ ಮ್ಯಾಲ ದವಡಿಯ ಕಾಲು ಕಂಡ್ತು. ಥ್ರೆಡ್ ಒಂದೂ ಮುಕ್ಕಾಗಿಲ್ಲ. ಹೊರಗ ಅಷ್ಟು ಜಂಗ, ಒಳಗ ಬೆಳ್ಳಿ ಹಂಗ ಹೊಳೀತೈತಿ. ನಟ್ಟು ಒಂದು ಬೆರಳಿಲೆ ತಿರಗತೈತಿ.

ಉದ್ಯಮಬಾಗ ಫಿಟ್ಟರ್

ಸಾಬಾಸ್. ಈಗ ಒಣಾ ಅರಬಿಲೆ ಒರಸಿ ಮಶಿನ್ ಎಣ್ಣಿ ಎರಡು ಹನಿ ಬಿಡು. ಬಣ್ಣ ಗಿಣ್ಣ ಹಚ್ಚಬ್ಯಾಡ. ಕಾಕಾ ಏನಂದ?

ಬೈಲಹೊಂಗಲದ ಹುಡುಗ

ಕಾಕಾಗ ಎಲ್ಲಾ ಓದಿ ಹೇಳಿದೆ. ಬರ್ಮಿಂಗ್‌ಹ್ಯಾಮ್, 1856, ಬಂದೂಕ ಮಾಡೋರು, ನಾಯಿ ಹೆಸರು, ಎಲ್ಲಾ. ಪಾನಾ ಇಸಗೊಂಡು ಎರಡೂ ಮಗ್ಗಲ ಹೊಳ್ಳಿಸಿ ನೋಡಿದ, ನಟ್ಟು ತಿರುವಿ ದವಡಿ ಏರಸಿದ, ಇಳಸಿದ. 'ಅಪ್ಪ ಹೇಳಿದ್ದು ಇಷ್ಟ ಮಂದಿ ಕೂಡಿ ತಿಳಕೋಬೇಕಾತೇನು?' ಅಂದ. ಆಮ್ಯಾಲ ಹೊರಗ ಹೋಗಿ ತನ್ನ ಸೈಕಲ್ಲಿನ ಸೀಟ ಬಿಗಿ ಮಾಡ್ಕೊಂಡ. ಪಾನಾ ವಾಪಸ್ ಕೊಟ್ಟಿಲ್ಲ. ಬಕ್ಕಣದಾಗ ಇಟ್ಕೊಂಡು ಪ್ಯಾಟಿಗೆ ಹೋಗ್ಯಾನ.